ಊಟದಲ್ಲಿ ನಡೆ ಮೊದಲು, ನುಡಿ ಆಮೇಲೆ

ಶಿಗ್ಗಾವಿ ತಾಲೂಕಿನ ಬಾಡ ಗ್ರಾಮವು ಭಕ್ತಶ್ರೇಷ್ಠ ಕನಕದಾಸರ ಜನ್ಮಭೂಮಿ. 16ನೆಯ ಶತಮಾನದ ಈ ಮಹಾನುಭಾವರು ರಚಿಸಿದ ‘ರಾಮಧಾನ್ಯಚರಿತೆ’ ಗಾತ್ರದಲ್ಲಿ ಕಿರಿದಾದ ಕಾವ್ಯ. ವಸ್ತುವಿನಲ್ಲಿ ಮಾತ್ರ ಕನ್ನಡ ಸಾಹಿತ್ಯದಲ್ಲಿಯೇ ಅಪೂರ್ವವಾದುದು. ರಾಗಿಗೂ ಅಕ್ಕಿಗೂ ನಡೆದ ವಾದವೇ ಅಲ್ಲಿಯ ಕಥೆ. ಧಾನ್ಯಗಳಲ್ಲಿ ಶ್ರೇಷ್ಠವಾದುದು ಯಾವುದೆಂಬ ಪ್ರಶ್ನೆ ಶ್ರೀರಾಮನ ಮುಂದೆ ಬಂದಾಗ ವ್ರಿಹಿ, ಎಂದರೆ ಅಕ್ಕಿ, ತನ್ನ ಹಿರಿಮೆಯನ್ನು ಕೊಂಡಾಡಿಕೊಂಡು ನರೆದಲಗವನ್ನು, ಎಂದರೆ ರಾಗಿಯನ್ನು, ಹೀನವೆಂದು ಜರೆಯುತ್ತದೆ. ರಾಗಿಯೂ ಸುಮ್ಮನಿರದೆ ಮಾತಿಗೆ ಮಾತು ಕೊಡುತ್ತದೆ. ವಾದವು ಮಾತಿನಲ್ಲಿ ಬಗೆಹರಿಯುವುದಿಲ್ಲ. ಆಗ ಎರಡು ಧಾನ್ಯಗಳನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ. ಅವಧಿ ಮುಗಿದು ಹೊರಗೆ ತಂದಾಗ ಅಕ್ಕಿ ಸತ್ವಗುಂದಿರುತ್ತದೆ, ರಾಗಿ ಇದ್ದಂತೆಯೇ ಇರುತ್ತದೆ. ರಾಮನು ರಾಗಿಯನ್ನು ಮನ್ನಿಸಿ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ.

ಈ ಕಾವ್ಯದಲ್ಲಿ ಮೇಲು ಕೀಳೆಂಬ ಭೇದದ ವಿಡಂಬನೆಯಿದೆಯೆಂದು ವಿದ್ವಾಂಸರು ಹೇಳುತ್ತ ಬಂದಿದ್ದಾರೆ, ಅದು ಸತ್ಯವೇ. ಆದರೆ ಗೃಹಸ್ಥರಾದವರು ಇದರಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಸಭೆಯಲ್ಲಿ ಆಡಿದ ಮಾತಿನಿಂದ ರಾಗಿ ಗೆಲ್ಲಲಿಲ್ಲ. ಆರು ತಿಂಗಳು ಮೌನವಾಗಿ ಉಳಿದು, ತಾನು ಏನೆಂಬುದನ್ನು ಇದ್ದು ತೋರಿಸಿ ಗೆದ್ದಿತು. ಊಟದ ವಿಷಯದಲ್ಲಿ ಇಂದು ನಮ್ಮ ಮನೆಗಳಲ್ಲಿ ನಡೆಯುತ್ತಿರುವ ವಾದಗಳಿಗೂ ಇದೇ ಉತ್ತರವೆಂಬುದು ಈ ಲೇಖನದ ಆಶಯ.

ನಮ್ಮ ನಾಲ್ಕು ತಾಲೂಕುಗಳ ತಟ್ಟೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಇವು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾಗಿ ರೂಪುಗೊಂಡ ಹಾವೇರಿ ಜಿಲ್ಲೆಗೆ ಸೇರಿದ ಸೀಮೆಗಳು. ಒಂದು ಕಡೆ ಮಲೆನಾಡಿನ ಅಂಚು, ಇನ್ನೊಂದು ಕಡೆ ಬಯಲುನಾಡಿನ ಎರೆಭೂಮಿ. ಹಾನಗಲ್ಲ ಸೀಮೆ ಭತ್ತಕ್ಕೂ ಮಾವಿಗೂ ಹೆಸರಾದುದು. ಸವಣೂರಿನ ಕಡೆ ಜೋಳ, ಹತ್ತಿ, ಮೆಣಸಿನಕಾಯಿ, ಜೊತೆಗೆ ನಾಡೆಲ್ಲ ಬಲ್ಲ ವೀಳ್ಯದೆಲೆ. ಹಿರೇಕೆರೂರಿನ ಹೊಲಗಳನ್ನು ಇಂದು ಬಹುಮಟ್ಟಿಗೆ ಗೋವಿನಜೋಳ ಆವರಿಸಿದೆ. ಹೀಗೆ ಮಣ್ಣು ಬೇರೆ, ಬೆಳೆ ಬೇರೆಯಾದರೂ ಈ ಭಾಗದ ಹಳೆಯ ಊಟಕ್ಕೆ ಒಂದು ಸಮಾನ ಲಕ್ಷಣವಿತ್ತು. ಬಿಸಿ ಅಥವಾ ಕಟಕ ರೊಟ್ಟಿ, ಒಂದು ಕಾಳಿನ ಪಲ್ಯ, ಒಂದು ಸೊಪ್ಪಿನ ಪಲ್ಯ, ಅಗಸಿ ಇಲ್ಲವೆ ಗುರೆಳ್ಳು ಇಲ್ಲವೆ ಶೇಂಗಾದ ಹಿಂಡಿ, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೊಸರು ಅಥವಾ ಮಜ್ಜಿಗೆ. ಕೊನೆಯಲ್ಲಿ ಒಂದಿಷ್ಟು ಅನ್ನ. ಹಾನಗಲ್ಲದ ಕಡೆ ಅನ್ನದ ಪಾಲು ತುಸು ಹೆಚ್ಚು, ಸವಣೂರಿನ ಕಡೆ ರೊಟ್ಟಿಯ ಪಾಲು ಹೆಚ್ಚು. ಸಿಹಿಯೆಂಬುದು ಹಬ್ಬಕ್ಕೆ, ಜಾತ್ರೆಗೆ, ಬೀಗರು ಬಂದ ದಿನಕ್ಕೆ ಮೀಸಲಾಗಿತ್ತು.

ಈ ಊಟದ ಹಿರಿಮೆಯನ್ನು ಇಂದು ಆಹಾರವಿಜ್ಞಾನವೂ ಒಪ್ಪುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಮಿನ ಆಸುಪಾಸು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದ್ದರೆ ಪಾಲಿಶ್ ಅಕ್ಕಿಯಲ್ಲಿರುವುದು 3 ಗ್ರಾಮಿಗೂ ಕಡಿಮೆ. ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿ ಆಚರಿಸಿತು. ನಮ್ಮ ಅಜ್ಜಿಯರು ಹಗೇವಿನಲ್ಲಿಟ್ಟು ಕಾಪಾಡಿದ ಧಾನ್ಯಕ್ಕೆ ಜಗತ್ತಿನ ಮನ್ನಣೆ ದೊರೆತದ್ದು ಸಂತೋಷದ ಸಂಗತಿ.

ಆದರೆ ಜಗತ್ತು ಮನ್ನಿಸುವ ಹೊತ್ತಿಗೆ ನಮ್ಮ ಮನೆಯ ತಟ್ಟೆ ಬದಲಾಗಿಬಿಟ್ಟಿದೆ. ಹೊಲದ ದುಡಿಮೆ ಯಂತ್ರಕ್ಕೆ ಹೋಯಿತು, ಕಾಲ್ನಡಿಗೆ ಬೈಕಿಗೆ ಹೋಯಿತು. ಊಟದ ಪ್ರಮಾಣ ಮಾತ್ರ ಅಷ್ಟೇ ಉಳಿಯಿತು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ ಬಡವರ ಹಸಿವನ್ನು ತಣಿಸಿತು. ಆ ಉಪಕಾರವನ್ನು ಹೊಟ್ಟೆ ತುಂಬಿದವರು ಹಗುರವಾಗಿ ಮಾತನಾಡಬಾರದು. ಆದರೆ ಉಳ್ಳವರ ಮನೆಯಲ್ಲಿಯೂ ಅನ್ನವೇ ಮುಖ್ಯವಾಗಿ, ರೊಟ್ಟಿ ಬದಿಗೆ ಸರಿದು, ಮೈದಾದ ತಿನಿಸು, ಸಕ್ಕರೆಯ ಚಹಾ, ಕರಿದ ಖಾರ ದಿನದ ರೂಢಿಯಾದದ್ದಕ್ಕೆ ಯಾವ ಯೋಜನೆಯೂ ಕಾರಣವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವೊಂದು ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆಯೆಂದೂ, ಇನ್ನೂ 13 ಕೋಟಿಗೂ ಹೆಚ್ಚು ಜನರು ಅದರ ಹೊಸ್ತಿಲಲ್ಲಿ ನಿಂತಿದ್ದಾರೆಂದೂ ಅಂದಾಜು ಮಾಡಿತು. ಒಂದು ಕಾಲಕ್ಕೆ ಪಟ್ಟಣದ ಶ್ರೀಮಂತರ ರೋಗವೆನಿಸಿದ್ದುದು ಇಂದು ನಮ್ಮ ಹಳ್ಳಿಯ ಪಡಸಾಲೆಗೂ ಬಂದಿದೆ. ಮಾತ್ರೆಯ ಡಬ್ಬಿಯಿಲ್ಲದ ಮನೆಗಳು ಕಡಿಮೆಯಾಗುತ್ತಿವೆ.

ಉಪದೇಶ ಏಕೆ ನಾಟುವುದಿಲ್ಲ?

ಮನೆಯಲ್ಲಿ ಒಬ್ಬರಿಗೆ ರೋಗ ಕಾಣಿಸಿಕೊಂಡ ಕೂಡಲೇ ಉಪದೇಶ ಪ್ರಾರಂಭವಾಗುತ್ತದೆ. ತಂದೆ ಮಗನಿಗೆ, ಅತ್ತೆ ಸೊಸೆಗೆ, ಓದಿದ ಮಗಳು ತಾಯಿಗೆ ಹೇಳುತ್ತಾರೆ: ಅದನ್ನು ತಿನ್ನಬೇಡ, ಇದನ್ನು ತಿನ್ನು. ಹೇಳಿದವರ ಕಳಕಳಿ ನಿಜವಾದುದೇ. ಆದರೂ ಊಟದ ಹೊತ್ತು ಕಟಕಟೆಯಾಗುತ್ತದೆ. ತಿನ್ನುವವನು ಆರೋಪಿಯಾಗುತ್ತಾನೆ, ಬಡಿಸುವವಳು ಸಾಕ್ಷಿಯಾಗುತ್ತಾಳೆ. ಕೆಲವು ದಿನಗಳ ಮೇಲೆ ಆರೋಪಿ ಹೊರಗೆ ಹೋಗಿ ಕದ್ದು ತಿನ್ನಲು ಕಲಿಯುತ್ತಾನೆ. ಒತ್ತಾಯದಿಂದ ಊಟ ಬದಲಾಗಲಿಲ್ಲ; ಊಟದ ಜಾಗ ಮಾತ್ರ ಬದಲಾಯಿತು.

ಇದು ನಮ್ಮ ಸೀಮೆಯ ಅನುಭವ ಮಾತ್ರವಲ್ಲ. ಅಮೆರಿಕದಲ್ಲಿ ಎಮಿ ಗ್ಯಾಲೋವೇ, ಲೀನ್ ಬರ್ಚ್ ಮೊದಲಾದ ಸಂಶೋಧಕರು ಚಿಕ್ಕ ಮಕ್ಕಳ ಊಟವನ್ನು ಕುರಿತು ನಡೆಸಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಮಕ್ಕಳಿಗೆ ಎರಡು ಬಗೆಯ ಸಾರನ್ನು ಕೊಟ್ಟು, ಒಂದನ್ನು ಕುಡಿಯುವಾಗ ‘ಮುಗಿಸು, ಮುಗಿಸು’ ಎಂದು ಮೇಲಿಂದ ಮೇಲೆ ಹೇಳಲಾಯಿತು. ಇನ್ನೊಂದನ್ನು ಕುಡಿಯುವಾಗ ಸುಮ್ಮನಿರಲಾಯಿತು. ಸುಮ್ಮನೆ ಬಿಟ್ಟ ಸಾರನ್ನೇ ಮಕ್ಕಳು ಹೆಚ್ಚು ಕುಡಿದರು. ಒತ್ತಾಯಿಸಿದ ಸಾರಿನ ಬಗ್ಗೆ ಬೇಸರದ ಮಾತುಗಳನ್ನು ಹೆಚ್ಚು ಆಡಿದರು. ಇದಕ್ಕೂ ಮೊದಲು, 1999ರಲ್ಲಿ, ಜೆನಿಫರ್ ಫಿಶರ್ ಮತ್ತು ಬರ್ಚ್ ಅವರು, ಕಣ್ಣಿಗೆ ಕಾಣುವಂತಿಟ್ಟು ಕೈಗೆ ಕೊಡದ ತಿನಿಸಿನ ಮೇಲೆಯೇ ಮಕ್ಕಳ ಮನಸ್ಸು ಹೆಚ್ಚು ಹರಿಯುತ್ತದೆಂದು ತೋರಿಸಿಕೊಟ್ಟಿದ್ದರು. ಒತ್ತಾಯ ಒಳ್ಳೆಯದನ್ನು ಕಹಿ ಮಾಡುತ್ತದೆ, ನಿಷೇಧ ಕೆಟ್ಟದ್ದನ್ನು ಸಿಹಿ ಮಾಡುತ್ತದೆ.

ಹಾಗಾದರೆ ಫಲ ಕೊಡುವುದು ಯಾವುದು? 1975ರಲ್ಲಿ ಲಾರೆನ್ಸ್ ಹಾರ್ಪರ್ ಮತ್ತು ಕರೆನ್ ಸ್ಯಾಂಡರ್ಸ್ ಎಂಬ ಇಬ್ಬರು ಸಂಶೋಧಕರು ಒಂದು ಸರಳವಾದ ಪರೀಕ್ಷೆ ಮಾಡಿದರು. ಮಗು ಹಿಂದೆಂದೂ ಕಾಣದ ತಿನಿಸೊಂದನ್ನು ಹಿರಿಯರು ಬರಿದೆ ಅದರ ಮುಂದಿಟ್ಟರೆ ಏನಾಗುತ್ತದೆ, ತಾವೂ ಅದನ್ನೇ ತಿನ್ನುತ್ತ ಮುಂದಿಟ್ಟರೆ ಏನಾಗುತ್ತದೆ ಎಂಬುದು ಅವರ ಪ್ರಶ್ನೆ. ಹಿರಿಯರು ತಾವೂ ತಿನ್ನುತ್ತಿದ್ದಾಗಲೇ ಮಕ್ಕಳು ಹೆಚ್ಚಾಗಿ ಆ ತಿನಿಸಿಗೆ ಕೈ ಹಾಕಿದರು. ಅಪರಿಚಿತ ರುಚಿ ಒಂದೇ ದಿನಕ್ಕೆ ಒಗ್ಗುವುದಿಲ್ಲವೆಂಬುದನ್ನೂ, ಮತ್ತೆ ಮತ್ತೆ, ಹತ್ತಾರು ಸಲ, ಒತ್ತಾಯವಿಲ್ಲದೆ ಎದುರಿಗೆ ಬಂದಾಗ ಅದು ಪರಿಚಿತವಾಗಿ ಇಷ್ಟವಾಗುತ್ತದೆಂಬುದನ್ನೂ ಇಂತಹ ಇತರ ಅಧ್ಯಯನಗಳು ತಿಳಿಸಿವೆ. ರಾಮಧಾನ್ಯದ ಆರು ತಿಂಗಳ ಸೆರೆಯಂತೆ ಇಲ್ಲಿಯೂ ಕಾಲವೇ ತೀರ್ಪುಗಾರ.

ಈ ಲೇಖಕನು ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಪಂಕ್ತಿಯಲ್ಲಿ ಕುಳಿತ ಹುಡುಗರು ಮೆಂತ್ಯೆ ಪಲ್ಯವನ್ನೂ ಪುಂಡಿ ಪಲ್ಯವನ್ನೂ ಮೆಲ್ಲಗೆ ತಟ್ಟೆಯ ಅಂಚಿಗೆ ಸರಿಸುತ್ತಿದ್ದರು. ಹಿರಿಯ ಗುರುಗಳು ಅದನ್ನು ಕಂಡೂ ಏನೂ ಅನ್ನುತ್ತಿರಲಿಲ್ಲ. ಲಿಂಗಕ್ಕೆ ಅರ್ಪಿಸಿ ಮೊದಲ ತುತ್ತನ್ನು ಆ ಪಲ್ಯದಿಂದಲೇ ತೆಗೆದುಕೊಳ್ಳುತ್ತಿದ್ದರು. ಬಡಿಸುವವರು ಇನ್ನೊಮ್ಮೆ ಬಂದಾಗ ಅದನ್ನೇ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಮೊದಲ ವರ್ಷ ಸರಿಸಿದ ಹುಡುಗರು ಎರಡನೆಯ ವರ್ಷ ಸರಿಸಲಿಲ್ಲ. ಯಾವ ದಿನದಿಂದ ಬದಲಾವಣೆಯಾಯಿತೆಂದು ಕೇಳಿದರೆ ಯಾರಿಗೂ ಹೇಳಲು ಬರುತ್ತಿರಲಿಲ್ಲ.

ಶರಣಧರ್ಮದಲ್ಲಿ ಊಟದ ಸ್ಥಾನ

ನಮ್ಮ ಧರ್ಮದಲ್ಲಿ ತಿನ್ನುವ ವಸ್ತು ಮೊದಲು ಪದಾರ್ಥ. ಇಷ್ಟಲಿಂಗಕ್ಕೆ ಅರ್ಪಿತವಾದ ಮೇಲೆ ಅದು ಪ್ರಸಾದ. ಈ ಒಂದು ತತ್ತ್ವದಲ್ಲಿಯೇ ಆಹಾರಶಾಸ್ತ್ರದ ಸಾರವೆಲ್ಲ ಅಡಗಿದೆ. ಅರ್ಪಿಸಲು ಯೋಗ್ಯವಾದುದು ಶುದ್ಧವಾಗಿರಬೇಕು; ಪ್ರಾಮಾಣಿಕ ಕಾಯಕದಿಂದ ಬಂದುದಾಗಿರಬೇಕು. ಪ್ರಸಾದವಾದ ಮೇಲೆ ಅದನ್ನು ಚೆಲ್ಲುವಂತಿಲ್ಲ. ಚೆಲ್ಲುವಂತಿಲ್ಲವೆಂದ ಮೇಲೆ ಬೇಕಾದುದಕ್ಕಿಂತ ಹೆಚ್ಚು ಹಾಕಿಸಿಕೊಳ್ಳುವಂತಿಲ್ಲ. ಹೀಗೆ ಮಿತಾಹಾರವೆಂಬುದು ಹೊರಗಿನಿಂದ ಹೇರಿದ ಕಟ್ಟಳೆಯಾಗದೆ ಪ್ರಸಾದಭಾವದಿಂದ ತಾನಾಗಿ ಹುಟ್ಟುವ ಶೀಲವಾಗುತ್ತದೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ನಮ್ಮೆಲ್ಲರ ಮನೆಯ ಕಥೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಇಷ್ಟು ನಮಗೆ ಬೇಕಿಲ್ಲ, ತಂದಲ್ಲಿಯೇ ಹಾಕಿ ಬನ್ನಿರೆಂದು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳು. ಆ ತಾಯಿ ನೆರೆಹೊರೆಯವರನ್ನು ಕರೆದು ಅತಿಯಾಸೆಯ ಕೇಡನ್ನು ಬೋಧಿಸಲಿಲ್ಲ. ತನ್ನ ಮನೆಯ ಮಡಕೆಯ ಅಳತೆಯನ್ನು ತಾನು ಕಾಯ್ದುಕೊಂಡಳು. ಎಂಟುನೂರು ವರ್ಷಗಳ ಮೇಲೆಯೂ ಆ ಅಳತೆ ನಮ್ಮನ್ನು ಎಚ್ಚರಿಸುತ್ತಿದೆ. ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಶಿವನು ಮೆಚ್ಚಿ ಸವಿದನೆಂಬ ಕಥೆಯನ್ನೂ ನಾವು ಭಕ್ತಿಯಿಂದ ಕೇಳುತ್ತೇವೆ. ಕೇಳಿ ಮನೆಗೆ ಬಂದು, ಅಂಬಲಿ ಬಡವರ ಊಟವೆಂದು ಮೂಗು ಮುರಿದರೆ ಆ ಭಕ್ತಿಗೆ ಅರ್ಥವುಂಟೆ?

ಪರರನ್ನು ತಿದ್ದುವುದಕ್ಕೆ ಮೊದಲು ತನ್ನನ್ನು ತಾನು ನೋಡಿಕೊಳ್ಳಬೇಕೆಂಬುದು ಬಸವಾದಿ ಶರಣರು ನಮಗೆ ಕಲಿಸಿದ ಮೊದಲ ಪಾಠ. ಅದನ್ನು ಪೂಜೆಯ ಕೋಣೆಯಲ್ಲಿ ನೆನೆಯುವ ನಾವು ಅಡುಗೆಯ ಕೋಣೆಯಲ್ಲಿ ಮರೆಯುತ್ತೇವೆ.

ಹಾನಗಲ್ಲ ಎಂದೊಡನೆ ಭಕ್ತರಿಗೆ ನೆನಪಾಗುವವರು ವಿರಕ್ತಮಠದ ಪೂಜ್ಯ ಕುಮಾರ ಶಿವಯೋಗಿಗಳು. 1867ರಲ್ಲಿ ಜನಿಸಿದ ಶ್ರೀಗಳು 1909ರಲ್ಲಿ ಬಾದಾಮಿಯ ಹತ್ತಿರ, ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವನ್ನು ಸ್ಥಾಪಿಸಿದರು, 1930ರಲ್ಲಿ ಲಿಂಗೈಕ್ಯರಾದರು. ಸಮಾಜಕ್ಕೆ ಯೋಗ್ಯ ಗುರುಗಳು ಬೇಕೆಂದಾಗ ಅವರು ಬರಿಯ ಉಪನ್ಯಾಸ ಮಾಡಿ ನಿಲ್ಲಲಿಲ್ಲ. ವಟುಗಳೂ ಸಾಧಕರೂ ಗುರುವಿನೊಡನೆ ಒಂದೇ ಆವರಣದಲ್ಲಿ ಬದುಕಿ, ಎದ್ದು, ಪೂಜಿಸಿ, ಓದಿ, ಉಂಡು, ದುಡಿದು ಕಲಿಯುವ ಒಂದು ನೆಲೆಯನ್ನೇ ಕಟ್ಟಿದರು. ಅಲ್ಲಿ ಗೋಶಾಲೆಯಿತ್ತು, ವಿಭೂತಿಯ ತಯಾರಿಕೆಯಿತ್ತು, ಯೋಗಸಾಧನೆಯಿತ್ತು. ಶೀಲವೆಂಬುದು ಕೂಡಿ ಬಾಳಿದಾಗ ಮೈಗೂಡುವಂತಹುದೆಂಬ ತಿಳಿವಳಿಕೆಯೇ ಆ ಸಂಸ್ಥೆಯ ಬುನಾದಿ. ಇದೇ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿ, ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದ ಪಂಡಿತ ಪಂಚಾಕ್ಷರ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಮೂರನ್ನೂ ಒಂದೇ ಸೂರಿನ ಕೆಳಗೆ ಕೊಟ್ಟರು. ಮಾದರಿಯೆಂಬುದು ಕಣ್ಣಿನಿಂದ ನೋಡುವ ವಸ್ತು ಮಾತ್ರವಲ್ಲ, ಜೊತೆಯಲ್ಲಿದ್ದು ಅನುಭವಿಸುವ ವಸ್ತುವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. 1975ರಲ್ಲಿ ಆರಂಭವಾದ ಈ ಮಹಾಂತ ಜೋಳಿಗೆ ನಾಡಿಗೆಲ್ಲ ಪರಿಚಿತವಾಯಿತು. 2018ರಲ್ಲಿ ಲಿಂಗೈಕ್ಯರಾದ ಶ್ರೀಗಳ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತ ಬಂದಿದೆ. ಇಲ್ಲಿ ಗಮನಿಸಬೇಕಾದುದು ಜೋಳಿಗೆಯ ಗುಣ. ಜೋಳಿಗೆ ಆಜ್ಞಾಪಿಸುವುದಿಲ್ಲ, ಬೇಡುತ್ತದೆ. ಹಾಕುವುದೂ ಬಿಡುವುದೂ ಎದುರಿನವನ ಇಚ್ಛೆ. ತಾನೇ ಕೊಟ್ಟೆನೆಂಬ ಘನತೆ ಕೊಟ್ಟವನಲ್ಲಿ ಉಳಿಯುತ್ತದೆ. ಕಸಿದುಕೊಂಡ ಚಟ ಮರಳಿ ಬಂದೀತು. ತಾನಾಗಿ ಕೊಟ್ಟದ್ದನ್ನು ಮರಳಿ ಕೇಳಲು ಮನುಷ್ಯ ನಾಚುತ್ತಾನೆ.

ರೊಟ್ಟಿ ಬಡಿಯುವ ಕೈ ಯಾರದು?

ಇಷ್ಟನ್ನು ಓದಿ, ನಾಳೆಯಿಂದ ನಮ್ಮ ಮನೆಯಲ್ಲಿ ಎರಡೂ ಹೊತ್ತು ಜೋಳದ ರೊಟ್ಟಿ, ಎರಡು ಬಗೆಯ ಸೊಪ್ಪು ಆಗಬೇಕೆಂದು ಯಜಮಾನರು ಅಪ್ಪಣೆ ಹೊರಡಿಸಿದರೆ ಈ ಲೇಖನ ವ್ಯರ್ಥವಾದಂತೆಯೇ ಸರಿ. ಅಕ್ಕಿಯನ್ನು ಕುಕ್ಕರಿನಲ್ಲಿಟ್ಟು ಬೇರೆ ಕೆಲಸ ನೋಡಿಕೊಳ್ಳಬಹುದು. ರೊಟ್ಟಿ ಹಾಗಲ್ಲ, ಹಿಟ್ಟು ನಾದಬೇಕು, ಒಂದೊಂದನ್ನೇ ಬಡಿಯಬೇಕು, ಒಲೆಯ ಮುಂದೆ ಬೆವರಬೇಕು. ಒಂದು ಸಿವುಡು ಸೊಪ್ಪನ್ನು ಸೋಸಲು ಎಷ್ಟು ಹೊತ್ತು ಬೇಕೆಂಬುದು ಸೋಸಿದವರಿಗೇ ಗೊತ್ತು. ನಮ್ಮ ಮನೆಗಳಲ್ಲಿ ರೊಟ್ಟಿ ಕಡಿಮೆಯಾದದ್ದಕ್ಕೆ ನಾಲಗೆಯ ಚಾಪಲ್ಯವಷ್ಟೇ ಕಾರಣವಲ್ಲ. ಹೆಣ್ಣುಮಕ್ಕಳ ದಣಿವೂ ಕಾರಣ. ಹೊಲಕ್ಕೋ ಶಾಲೆಗೋ ಕಚೇರಿಗೋ ಹೋಗಿ ದುಡಿದು ಬಂದ ಸೊಸೆಯ ಮೇಲೆ ಹಿರಿಯರ ಆರೋಗ್ಯದ ಹೊರೆಯನ್ನೂ ಹೊರಿಸುವುದು ಮಾದರಿಯಲ್ಲ, ಒತ್ತಾಯದ ಇನ್ನೊಂದು ರೂಪ.

ಮಾದರಿಯಾಗಬೇಕೆನ್ನುವ ಹಿರಿಯರು ತಟ್ಟೆಯ ಮುಂದೆ ಕುಳಿತುಕೊಳ್ಳುವುದಕ್ಕೆ ಒಂದು ತಾಸು ಮೊದಲೇ ಮಾದರಿಯಾಗಲು ಪ್ರಾರಂಭಿಸಬೇಕು. ಸಂತೆಯಿಂದ ಸೊಪ್ಪು ತರುವುದು, ಪಡಸಾಲೆಯಲ್ಲಿ ಕುಳಿತು ಅದನ್ನು ಸೋಸುವುದು, ಸೌತೆಕಾಯಿ ಹೆಚ್ಚುವುದು, ಹೆಸರುಕಾಳು ನೆನೆಹಾಕುವುದು ಯಾವ ಹಿರಿತನಕ್ಕೂ ಕುಂದು ತರುವ ಕೆಲಸಗಳಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ನಂಬಿದವರಿಗೆ ಅಡುಗೆಯೂ ಕಾಯಕವೇ. ದಿನವೂ ಬಿಸಿ ರೊಟ್ಟಿ ಆಗದಿದ್ದರೆ ವಾರಕ್ಕೊಮ್ಮೆ ಮಾಡಿಟ್ಟ ಕಟಕ ರೊಟ್ಟಿಯಿದೆ. ಅದನ್ನು ಮಾಡಿ ಮಾರುವ ಮಹಿಳೆಯರು ಇಂದು ಊರೂರಿನಲ್ಲಿದ್ದಾರೆ, ಅವರಿಂದ ಕೊಂಡರೆ ಒಂದು ಸಂಸಾರಕ್ಕೆ ಆಸರೆಯೂ ಆಗುತ್ತದೆ. ರಾತ್ರಿ ಕಲಸಿಟ್ಟ ರಾಗಿ ಅಥವಾ ಜೋಳದ ಹಿಟ್ಟಿನಿಂದ ಬೆಳಿಗ್ಗೆ ಅಂಬಲಿ ಕಾಸುವುದನ್ನು ಗಂಡಸರೂ ಒಂದೇ ದಿನದಲ್ಲಿ ಕಲಿಯಬಹುದು.

ಮನೆಯಲ್ಲಿ ಹೀಗೆ ಮಾಡಬಹುದು

ಮೊದಲನೆಯದಾಗಿ, ಬದಲಾವಣೆ ಒಬ್ಬರ ತಟ್ಟೆಯಿಂದ ಪ್ರಾರಂಭವಾಗಲಿ, ಆ ಒಬ್ಬರು ತಾವೇ ಆಗಿರಲಿ. ಏನನ್ನೂ ಘೋಷಿಸಬೇಕಾಗಿಲ್ಲ. ಎರಡನೆಯ ಸಲ ಅನ್ನ ಬಂದಾಗ ಕೈ ಅಡ್ಡ ಹಿಡಿದು ಪಲ್ಯವನ್ನು ಕೇಳಿ ಹಾಕಿಸಿಕೊಂಡರೆ ಸಾಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗದರ್ಶಿಯಲ್ಲಿ ದಿನಕ್ಕೆ ಸುಮಾರು 400 ಗ್ರಾಂ ತರಕಾರಿ ಸೊಪ್ಪು, 100 ಗ್ರಾಂ ಹಣ್ಣು ಇರಬೇಕೆಂದೂ, ಉಪ್ಪು 5 ಗ್ರಾಂ ಮೀರಬಾರದೆಂದೂ ತಿಳಿಸಲಾಗಿದೆ. ಐದು ಗ್ರಾಮೆಂದರೆ ಒಂದು ಚಹಾ ಚಮಚೆಯಷ್ಟು. ಉಪ್ಪಿನಕಾಯಿ, ಹಪ್ಪಳ, ಚೂಡಾ, ಖಾರದ ಉಪ್ಪೆಲ್ಲ ಅದರಲ್ಲಿಯೇ ಸೇರಬೇಕು. ಈ ಲೆಕ್ಕವನ್ನು ಮನೆಯವರಿಗೆ ಓದಿ ಹೇಳುವುದಕ್ಕಿಂತ ತಮ್ಮ ತಟ್ಟೆಯ ಉಪ್ಪಿನಕಾಯಿಯನ್ನು ಅರ್ಧ ಮಾಡುವುದು ಲೇಸು.

ಎರಡನೆಯದಾಗಿ, ಒಳ್ಳೆಯದನ್ನು ಕೈಗೆ ಸಿಗುವಲ್ಲಿ ಇಡಬೇಕು. ಪಡಸಾಲೆಯ ಮೇಜಿನ ಮೇಲೆ ಹುರಿದ ಶೇಂಗಾ, ಪೇರಲಹಣ್ಣು, ಬಾಳೆಹಣ್ಣು ಇದ್ದರೆ ಶಾಲೆಯಿಂದ ಬಂದ ಮಗು ಅದಕ್ಕೇ ಕೈ ಹಾಕುತ್ತದೆ. ಬಿಸ್ಕತ್ತಿನ ಡಬ್ಬಿಯನ್ನು ಎದುರಿಗಿಟ್ಟು ಮುಟ್ಟಬೇಡವೆಂದು ಗದರಿಸುವುದಕ್ಕಿಂತ ಅದನ್ನು ಮನೆಗೆ ತರದಿರುವುದು ದಯೆಯ ಕೆಲಸ. ತಾತನು ಮರೆಯಲ್ಲಿ ಪೇಡೆ ತಿಂದು ಮೊಮ್ಮಗನಿಗೆ ಚಾಕೊಲೇಟು ಬೇಡವೆಂದರೆ ಆ ಮಾತಿಗೆ ತೂಕವಿಲ್ಲ. ಮಕ್ಕಳ ಕಣ್ಣು ನಾವು ತಿಳಿದಿರುವುದಕ್ಕಿಂತ ಚುರುಕು.

ಮೂರನೆಯದಾಗಿ, ಅತಿಥಿಸತ್ಕಾರದಲ್ಲಿ ಒತ್ತಾಯವನ್ನು ಬಿಡಬೇಕು. ಬೇಡವೆಂದವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿ ಆಣೆಯಿಡುವುದನ್ನು ನಾವು ಪ್ರೀತಿಯೆಂದು ಭಾವಿಸಿದ್ದೇವೆ. ಸಕ್ಕರೆ ಕಾಯಿಲೆಯವರು ಸಂಕೋಚದಿಂದ ತಿಂದು, ಮನೆಗೆ ಹೋಗಿ ಸಂಕಟಪಡುತ್ತಾರೆ. ದಾಸೋಹವೆಂದರೆ ಎದುರಿನವರಲ್ಲಿ ಶಿವನನ್ನು ಕಂಡು ಸೇವೆ ಮಾಡುವುದು. ಅವರು ಬೇಡವೆಂದರೆ ಆ ಮಾತನ್ನೂ ಶಿವನ ಮಾತೆಂದೇ ಗೌರವಿಸಬೇಕಲ್ಲವೆ? ಸಿಹಿ ತಿನ್ನಬೇಡಿರೆಂದು ಒತ್ತಾಯಿಸುವುದು ಎಷ್ಟು ತಪ್ಪೋ ತಿನ್ನಿರೆಂದು ಒತ್ತಾಯಿಸುವುದೂ ಅಷ್ಟೇ ತಪ್ಪು.

ನಾಲ್ಕನೆಯದಾಗಿ, ಶುಭಕಾರ್ಯಗಳು. ಮದುವೆಯ ಊಟದಲ್ಲಿ ನಾಲ್ಕು ಬಗೆಯ ಸಿಹಿ, ಮೂರು ಬಗೆಯ ಕರಿದದ್ದು ಇಲ್ಲದಿದ್ದರೆ ಮರ್ಯಾದೆ ಹೋಗುವುದೆಂಬ ಭಯ ಎಲ್ಲರಲ್ಲಿಯೂ ಇದೆ. ಎಲ್ಲರೂ ಇನ್ನೊಬ್ಬರು ಮೊದಲು ಬಿಡಲೆಂದು ಕಾಯುತ್ತಿದ್ದಾರೆ. ಊರಿನಲ್ಲಿ ಅನುಕೂಲವುಳ್ಳ ಒಂದು ಮನೆತನ ಧೈರ್ಯ ಮಾಡಿ ಒಂದೇ ಸಿಹಿ, ಹೆಸರುಬೇಳೆಯ ಕೋಸಂಬರಿ, ಎರಡು ಪಲ್ಯ, ರೊಟ್ಟಿ, ಬುತ್ತಿಯ ಊಟ ಹಾಕಿದರೆ, ಅದು ಬಡವರಿಗೆ ಸಾಲದಿಂದ ಬಿಡುಗಡೆಯ ದಾರಿಯೂ ಆಗುತ್ತದೆ. ಇಲ್ಲದವರು ಬಿಟ್ಟರೆ ಅದನ್ನು ಬಡತನವೆನ್ನುತ್ತಾರೆ; ಉಳ್ಳವರು ಬಿಟ್ಟರೆ ಆದರ್ಶವೆನ್ನುತ್ತಾರೆ. ಆದ್ದರಿಂದ ಮೊದಲ ಹೆಜ್ಜೆ ಉಳ್ಳವರದಾಗಬೇಕು. ನಮ್ಮ ಮಠಗಳ ದಾಸೋಹದಲ್ಲಿಯೂ ಸೊಪ್ಪು, ಕಾಳು, ಮಜ್ಜಿಗೆಗಳಿಗೆ ಅಗ್ರಸ್ಥಾನ ದೊರೆತರೆ ಸಾವಿರಾರು ಮನೆಗಳಿಗೆ ಮಾತಿಲ್ಲದೆ ಸಂದೇಶ ಮುಟ್ಟುತ್ತದೆ. ಕಿರುಧಾನ್ಯಕ್ಕೆ ತಟ್ಟೆಯಲ್ಲಿ ಜಾಗ ಸಿಕ್ಕರೆ ರೈತನ ಹೊಲದಲ್ಲಿಯೂ ಅದಕ್ಕೆ ಜಾಗ ಸಿಗುತ್ತದೆ. ಉಣ್ಣುವವರಿಲ್ಲದ ಬೆಳೆಯನ್ನು ಯಾವ ರೈತನೂ ಬಹಳ ಕಾಲ ಬೆಳೆಯಲಾರನು.

ಎರಡು ಎಚ್ಚರಿಕೆಗಳು

ಆಹಾರವೇ ಔಷಧವೆಂಬ ಮಾತನ್ನು ಹಿಡಿದು ವೈದ್ಯರು ಕೊಟ್ಟ ಔಷಧವನ್ನು ಬಿಡುವವರಿದ್ದಾರೆ. ಇದು ಅಪಾಯಕರ. ರಾಗಿಯಲ್ಲಿಯೂ ಜೋಳದಲ್ಲಿಯೂ ಪಿಷ್ಟವಿದೆ. ಅಳತೆ ಮೀರಿದರೆ ಅವೂ ರಕ್ತದ ಸಕ್ಕರೆಯನ್ನು ಏರಿಸುತ್ತವೆ. ನುಣ್ಣಗೆ ಬೀಸಿ ತಿಳಿಯಾಗಿ ಕಾಸಿದ ಗಂಜಿ ಬೇಗ ಜೀರ್ಣವಾಗಿ ಸಕ್ಕರೆಯನ್ನು ಬೇಗನೆ ಏರಿಸಬಹುದು. ಕಾಳು ಪಲ್ಯದೊಡನೆ ತಿಂದ ರೊಟ್ಟಿ ಅಷ್ಟು ಬೇಗ ಏರಿಸುವುದಿಲ್ಲ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ಊಟದಲ್ಲಿ ದೊಡ್ಡ ಬದಲಾವಣೆ ಮಾಡುವ ಮೊದಲು ವೈದ್ಯರನ್ನು ಕೇಳಬೇಕು. ಅನ್ನವನ್ನು ಶತ್ರುವೆಂದು ತಿಳಿಯುವ ಅಗತ್ಯವೂ ಇಲ್ಲ. ಹಾನಗಲ್ಲ ಸೀಮೆಯ ರೈತ ಬೆಳೆದ ಅಕ್ಕಿಗೂ ತಟ್ಟೆಯಲ್ಲಿ ಜಾಗವಿದೆ. ಇಡೀ ತಟ್ಟೆಯನ್ನೇ ಅದು ಆಕ್ರಮಿಸಬಾರದೆಂಬುದಷ್ಟೇ ನಿಯಮ.

ಎರಡನೆಯ ಎಚ್ಚರಿಕೆ ಸೂಕ್ಷ್ಮವಾದುದು. ಮಾದರಿಯಾಗುತ್ತೇನೆಂದು ಹೊರಟವರಲ್ಲಿ ಅಹಂಕಾರ ಬೇಗನೆ ಮೊಳೆಯುತ್ತದೆ. ತಾನು ಸಕ್ಕರೆ ಬಿಟ್ಟು ಎಷ್ಟು ತಿಂಗಳಾಯಿತೆಂದು ಚಹಾ ಕುಡಿಯುವವರ ಮುಂದೆ ಹೇಳುತ್ತ ಕುಳಿತುಕೊಳ್ಳುವುದು, ಇತರರ ತಟ್ಟೆಯನ್ನು ನೋಡಿ ನಿಟ್ಟುಸಿರು ಬಿಡುವುದು ಇವೆಲ್ಲ ಬಾಯಿ ತೆರೆಯದೆ ಮಾಡುವ ಉಪದೇಶಗಳೇ. ತೋರಿಕೆಗಾಗಿ ಹಿಡಿದ ವ್ರತ ಎದುರಿನವರನ್ನು ಕುಗ್ಗಿಸುತ್ತದೆ. ಕುಗ್ಗಿದವರು ಕಲಿಯುವುದಿಲ್ಲ, ದೂರ ಸರಿಯುತ್ತಾರೆ. ನಿಜವಾದ ಮಾದರಿಗೆ ತಾನು ಮಾದರಿಯೆಂಬ ಅರಿವೇ ಇರುವುದಿಲ್ಲ. ತನ್ನ ಆರೋಗ್ಯಕ್ಕಾಗಿ, ತನ್ನ ಲಿಂಗಪೂಜೆಗೆ ಒದಗುವ ತನುವಿಗಾಗಿ ಅವರು ಹಿತಮಿತವಾಗಿ ಉಣ್ಣುತ್ತಾರೆ. ನೋಡಿದವರು ಕಲಿತರೆ ಸಂತೋಷ, ಕಲಿಯದಿದ್ದರೆ ಬೇಸರವಿಲ್ಲ. ಮನೆಯವರು ಯಾರೂ ಬದಲಾಗಲಿಲ್ಲವೆಂದೇ ಇಟ್ಟುಕೊಳ್ಳೋಣ. ಒಂದು ಶರೀರವಾದರೂ ನೆಟ್ಟಗಾಯಿತಲ್ಲ! ಉಪದೇಶ ಸೋತರೆ ಜಗಳ ಉಳಿಯುತ್ತದೆ, ಆಚರಣೆ ಸೋತರೂ ಆರೋಗ್ಯ ಉಳಿಯುತ್ತದೆ.

ಸದ್ಭಕ್ತರೇ, ಈ ದೇಹ ಶಿವನು ಕೊಟ್ಟ ದೇವಾಲಯವೆಂದು ನಂಬಿದವರು ನಾವು. ಆ ದೇವಾಲಯದ ಜೀರ್ಣೋದ್ಧಾರಕ್ಕೆ ಚಂದಾ ಎತ್ತಬೇಕಾಗಿಲ್ಲ, ಸಮಿತಿ ರಚಿಸಬೇಕಾಗಿಲ್ಲ, ಯಾರ ಮನವೊಲಿಸಬೇಕಾಗಿಯೂ ಇಲ್ಲ. ಇಂದು ಸಂಜೆ ಲಿಂಗಾರ್ಪಣೆ ಮಾಡಿ ಊಟಕ್ಕೆ ಕುಳಿತಾಗ ಮೊದಲ ತುತ್ತು ಸೊಪ್ಪಿನ ಪಲ್ಯದ್ದಾಗಲಿ, ಕೊನೆಯ ತುತ್ತು ಹೊಟ್ಟೆ ಬಿರಿಯುವುದಕ್ಕೆ ಮೊದಲಿನದಾಗಲಿ. ಇಷ್ಟು ಮಾಡಿ ಆರು ತಿಂಗಳು ಸುಮ್ಮನಿದ್ದು ನೋಡಿರಿ. ಮಕ್ಕಳ ಕೈ ಯಾವ ಪಾತ್ರೆಯ ಕಡೆಗೆ ಹೋಗುತ್ತದೆಂಬುದು ತಾನಾಗಿ ತಿಳಿಯುತ್ತದೆ.

ಶರಣು ಶರಣಾರ್ಥಿ.